ಗಣಿ ಮುಚ್ಚಿದ ಗಿರಿಯೂರು

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬುದು ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಗಾದೆ. ದೂರದಿಂದ ಚೆಲುವಾಗಿ ತೋರಿದ ವಸ್ತುವಿನ ಬಳಿಗೆ ಹೋದಾಗ ಅದರ ಕಲ್ಲುಮುಳ್ಳುಗಳು ಗೋಚರವಾಗುತ್ತವೆ ಎಂಬುದು ಅದರ ತಾತ್ಪರ್ಯ. ಪಶ್ಚಿಮಘಟ್ಟಗಳ ಮಡಿಲಿನಲ್ಲಿರುವ ಕುದುರೆಮುಖವೆಂಬ ಸಣ್ಣ ಊರಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಅಲ್ಲಿಗೆ ಹೋಗುವ ಪ್ರವಾಸಿಗನ ಕಣ್ಣಿಗೆ ಮೊದಲು ಬೀಳುವುದು ಹಸಿರು ಗಿರಿಪಂಕ್ತಿ, ಮಂಜು, ಜಲಪಾತ. ಇನ್ನಷ್ಟು ಗಮನವಿಟ್ಟು ನೋಡಿದರೆ ಬೆಟ್ಟದ ಮೈಯಲ್ಲಿ ಮೆಟ್ಟಿಲುಗಳಂತೆ ಕೊರೆದ ಗುರುತುಗಳು, ಹೂಳು ತುಂಬಿದ ಅಣೆಕಟ್ಟು, ಜನವಿಲ್ಲದ ಮನೆಗಳ ಸಾಲು ಕಾಣುತ್ತವೆ. ಬಹುಮಂದಿ ಮೊದಲನೆಯದನ್ನು ನೋಡಿ ಸಂತೋಷಪಡುತ್ತಾರೆ. ಎರಡನೆಯದನ್ನು ನೋಡದೆ ಮುಂದೆ ಸಾಗುತ್ತಾರೆ. ಆದರೆ ಈ ಎರಡನ್ನೂ ಒಟ್ಟಿಗೆ ನೋಡದೆ ಕುದುರೆಮುಖವನ್ನು ಕಂಡೆವೆಂದು ಹೇಳಿಕೊಳ್ಳುವ ಹಾಗಿಲ್ಲ. ಅಲ್ಲಿನ ಚೆಲುವಿನಂತೆಯೇ ಅಲ್ಲಿನ ಗಾಯವೂ ನಮ್ಮ ಪರಂಪರೆಯ ಒಂದು ಭಾಗವೆಂಬುದು ಈ ಲೇಖನದ ಅಭಿಪ್ರಾಯ.

ಮೊದಲು ಊರಿನ ಪರಿಚಯ ಮಾಡಿಕೊಳ್ಳೋಣ. ಕುದುರೆಮುಖ ಚಿಕ್ಕಮಗಳೂರು ಜಿಲ್ಲೆಯಲ್ಲಿ, ಕಳಸಕ್ಕೆ ಸಮೀಪದಲ್ಲಿದೆ. ಸುಮಾರು 1,890 ಮೀಟರ್ ಎತ್ತರದ ಶಿಖರವೊಂದು ಒಂದು ದಿಕ್ಕಿನಿಂದ ಕುದುರೆಯ ಮೋರೆಯಂತೆ ಕಾಣುವುದರಿಂದ ಆ ಗಿರಿಗೆ ಈ ಹೆಸರು ಬಂದಿತು. ಗಿರಿಯ ಹೆಸರೇ ಮುಂದೆ ಗಣಿಯ ಊರಿಗೂ ಬಂದಿತು. ಊರು ನಿಂತಿರುವ ಜಾಗದ ಹಳೆಯ ಹೆಸರು ಮಲ್ಲೇಶ್ವರ.

ಈ ಪ್ರದೇಶದ ಬೆಟ್ಟಗಳ ರಚನೆ ವಿಶಿಷ್ಟವಾದುದು. ಬೆಟ್ಟಗಳ ನೆತ್ತಿ ಮತ್ತು ಇಳಿಜಾರುಗಳಲ್ಲಿ ಹುಲ್ಲು ಹಾಸಿರುತ್ತದೆ. ಎರಡು ಬೆಟ್ಟಗಳು ಕೂಡುವ ಮಡಿಕೆಗಳಲ್ಲಿ ಮಾತ್ರ ದಟ್ಟವಾದ ನಿತ್ಯಹರಿದ್ವರ್ಣದ ಕಾಡು ಬೆಳೆದಿರುತ್ತದೆ. ಇಂತಹ ಕಾಡನ್ನು ಶೋಲಾ ಎಂದು ಕರೆಯುತ್ತಾರೆ. ವರ್ಷಕ್ಕೆ 6,000 ಮಿಲಿಮೀಟರಿಗಿಂತಲೂ ಹೆಚ್ಚು ಮಳೆ ಇಲ್ಲಿ ಬೀಳುತ್ತದೆ. ಬಿದ್ದ ಮಳೆಯನ್ನು ಹುಲ್ಲಿನ ಬೇರುಗಳೂ ಶೋಲಾ ಕಾಡಿನ ತರಗೆಲೆಯ ಹಾಸೂ ಹೀರಿಕೊಂಡು, ಬೇಸಗೆಯಲ್ಲಿ ಸ್ವಲ್ಪಸ್ವಲ್ಪವಾಗಿ ತೊರೆಗಳಿಗೆ ಬಿಟ್ಟುಕೊಡುತ್ತವೆ. ಆದುದರಿಂದಲೇ ಇಲ್ಲಿನ ತೊರೆಗಳು ಬಿರುಬೇಸಗೆಯಲ್ಲಿಯೂ ಬತ್ತುವುದಿಲ್ಲ. ಸಮೀಪದ ಗಂಗಾಮೂಲದಲ್ಲಿ ತುಂಗಾ, ಭದ್ರಾ, ನೇತ್ರಾವತಿ ಎಂಬ ಮೂರು ನದಿಗಳು ಹುಟ್ಟುತ್ತವೆ. ನೇತ್ರಾವತಿ ಪಡುವಣ ಕಡಲನ್ನು ಸೇರಿದರೆ, ತುಂಗೆ ಭದ್ರೆಯರು ಕೂಡಲಿಯಲ್ಲಿ ಒಂದಾಗಿ ಮೂಡಣಕ್ಕೆ ಹರಿದು ಬಯಲುನಾಡಿನ ಲಕ್ಷಾಂತರ ಜನರಿಗೆ ಅನ್ನವನ್ನೂ ನೀರನ್ನೂ ಒದಗಿಸುತ್ತವೆ. ಕುದುರೆಮುಖದ ಬೆಟ್ಟಗಳಿಗೆ ಏನಾದರೂ ಆದರೆ ಅದು ಆ ಬೆಟ್ಟಗಳ ವಿಷಯ ಮಾತ್ರವಾಗಿ ಉಳಿಯುವುದಿಲ್ಲ ಎಂಬುದನ್ನು ಇಲ್ಲಿಯೇ ನೆನಪಿಟ್ಟುಕೊಳ್ಳಬೇಕು.

ಇಂತಹ ಬೆಟ್ಟಗಳ ಒಡಲಿನಲ್ಲಿ ಕಬ್ಬಿಣವಿತ್ತು. 1913ರ ಸುಮಾರಿಗೆ ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ ಅವರು ಈ ಕಾಡುಗಳಲ್ಲಿ ಸಂಚರಿಸಿ ಅದಿರಿನ ನಿಕ್ಷೇಪವನ್ನು ಗುರುತಿಸಿದರು. ಅದು ಮ್ಯಾಗ್ನಟೈಟ್ ಎಂಬ ಜಾತಿಯ ಅದಿರು. ಅಯಸ್ಕಾಂತಕ್ಕೆ ಅಂಟಿಕೊಳ್ಳುವ ಗುಣ ಅದಕ್ಕಿದೆ. ಆದರೆ ಅದರಲ್ಲಿ ಕಬ್ಬಿಣದ ಅಂಶ ನೂರಕ್ಕೆ ನಲವತ್ತಕ್ಕಿಂತಲೂ ಕಡಿಮೆ. ಕಾಡು ದುರ್ಗಮ, ಮಳೆ ವಿಪರೀತ, ಅದಿರೋ ಬಡದು. ಹೀಗಾಗಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಆ ನಿಕ್ಷೇಪ ಯಾರ ಕೈಗೂ ಸಿಗದೆ ಉಳಿಯಿತು.

ಕಾಲ ಬದಲಾಯಿತು. 1969ರಲ್ಲಿ ಗಣಿಗಾರಿಕೆಗಾಗಿ 30 ವರ್ಷಗಳ ಗುತ್ತಿಗೆ ದೊರೆಯಿತು. 1975ರಲ್ಲಿ ಇರಾನ್ ದೇಶದೊಡನೆ ಒಪ್ಪಂದವಾಯಿತು. ಆ ದೇಶ ಸಾಲ ಕೊಡುವುದೆಂದೂ ಅದಿರನ್ನು ತಾನೇ ಕೊಳ್ಳುವುದೆಂದೂ ನಿಶ್ಚಯವಾಯಿತು. 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಸ್ಥಾಪನೆಗೊಂಡಿತು. ನಾಲ್ಕೈದು ವರ್ಷಗಳಲ್ಲಿ ದಟ್ಟಡವಿಯ ನಡುವೆ ರಸ್ತೆ, ಯಂತ್ರಾಗಾರ, ಅಣೆಕಟ್ಟು, ಊರು ಎಲ್ಲವೂ ಎದ್ದುನಿಂತವು. ಅಷ್ಟರಲ್ಲಿ, 1979ರಲ್ಲಿ, ಇರಾನಿನಲ್ಲಿ ಕ್ರಾಂತಿಯಾಗಿ ಆಳ್ವಿಕೆ ಬದಲಾಯಿತು. ಅದಿರನ್ನು ಕೊಳ್ಳಬೇಕಾಗಿದ್ದ ದೇಶ ಹಿಂದೆ ಸರಿಯಿತು. ಕಂಪನಿ ಬೇರೆ ದೇಶಗಳ ಮಾರುಕಟ್ಟೆಯನ್ನು ಹುಡುಕಿಕೊಳ್ಳಬೇಕಾಯಿತು. ಮಲೆನಾಡಿನ ಮೂಲೆಯೊಂದರ ಹಣೆಬರಹ ಸಾವಿರಾರು ಮೈಲಿ ದೂರದ ರಾಜಕೀಯದೊಡನೆ ಹೇಗೆ ಹೆಣೆದುಕೊಳ್ಳಬಹುದೆಂಬುದಕ್ಕೆ ಇದೊಂದು ನಿದರ್ಶನ.

ಅಲ್ಲಿ ನಡೆಯುತ್ತಿದ್ದ ಕೆಲಸದ ಕ್ರಮವನ್ನು ತಿಳಿದರೆ ಮನುಷ್ಯನ ಬುದ್ಧಿಶಕ್ತಿಗೆ ಬೆರಗಾಗದೆ ಇರಲಾಗದು. ಬೆಟ್ಟವನ್ನು ಮೇಲಿನಿಂದ ಮೆಟ್ಟಿಲು ಮೆಟ್ಟಿಲಾಗಿ ಸಿಡಿಸಿ ಅದಿರನ್ನು ತೆಗೆಯುತ್ತಿದ್ದರು. ಅದನ್ನು ಜಜ್ಜಿ, ನೀರು ಬೆರೆಸಿ ನುಣ್ಣಗೆ ಅರೆದು, ಅಯಸ್ಕಾಂತದ ಸಹಾಯದಿಂದ ಕಬ್ಬಿಣದ ಕಣಗಳನ್ನು ಬೇರ್ಪಡಿಸುತ್ತಿದ್ದರು. ಹೀಗೆ ಸತ್ವ ಹೆಚ್ಚಿಸಿದ ಪುಡಿಯಲ್ಲಿ ಕಬ್ಬಿಣದ ಪ್ರಮಾಣ ನೂರಕ್ಕೆ 67ರಷ್ಟಿರುತ್ತಿತ್ತು. ಈ ಪುಡಿಯನ್ನು ಲಾರಿಗಳಲ್ಲಿ ಸಾಗಿಸುತ್ತಿರಲಿಲ್ಲ. ನೀರಿನೊಡನೆ ಬೆರೆತ ರಾಡಿಯಾಗಿ ಅದು 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟವಿಳಿದು ಮಂಗಳೂರಿನ ಪಣಂಬೂರನ್ನು ತಲುಪುತ್ತಿತ್ತು. ಅಲ್ಲಿ ನೀರನ್ನು ಸೋಸಿ ತೆಗೆದು ಹಡಗಿಗೆ ತುಂಬುತ್ತಿದ್ದರು. ಪುಡಿಯನ್ನು ಉಂಡೆಗಳಾಗಿ ಸುಡುವ ಕಾರ್ಖಾನೆಯೊಂದು 1987ರಲ್ಲಿ ಮಂಗಳೂರಿನಲ್ಲಿ ಆರಂಭವಾಯಿತು. ವರ್ಷಕ್ಕೆ 75 ಲಕ್ಷ ಟನ್ ಪುಡಿಯನ್ನು ಸಿದ್ಧಪಡಿಸುವ ಸಾಮರ್ಥ್ಯ ಕುದುರೆಮುಖದ ಯಂತ್ರಾಗಾರಕ್ಕಿತ್ತು.

ಗಣಿಯ ಜೊತೆಗೆ ಊರೂ ಬೆಳೆಯಿತು. ಕನ್ನಡ ನಾಡಿನ ನಾನಾ ಭಾಗಗಳಿಂದಲೂ ಹೊರನಾಡುಗಳಿಂದಲೂ ಜನ ಬಂದು ನೆಲೆಸಿದರು. ಶಾಲೆ, ಆಸ್ಪತ್ರೆ, ಅಂಗಡಿ, ಆಟದ ಬಯಲು ಎಲ್ಲವೂ ಬಂದವು. ಜಡಿಮಳೆಯಲ್ಲಿ ಪಾಳಿಯ ಮೇಲೆ ದುಡಿದು, ಅಲ್ಲಿಯೇ ಮಕ್ಕಳನ್ನು ಸಾಕಿ ಬೆಳೆಸಿದ ಕಾರ್ಮಿಕರಿಗೆ ಅದು ಬರಿಯ ಗಣಿಯಾಗಿರಲಿಲ್ಲ. ಅವರ ಬದುಕೇ ಆಗಿತ್ತು.

ಆದರೆ ಪ್ರತಿಯೊಂದು ಗಳಿಕೆಗೂ ಒಂದು ಬೆಲೆಯುಂಟು. ಬಡ ಅದಿರಿನಿಂದ ಒಂದು ಟನ್ ಪುಡಿಯನ್ನು ಪಡೆಯಲು ಸುಮಾರು ಮೂರು ಟನ್ ಅದಿರನ್ನು ಅಗೆಯಬೇಕು. ಉಳಿದ ಎರಡು ಟನ್ ಏನಾಗಬೇಕು? ಅದನ್ನು ಇಡುವುದಕ್ಕಾಗಿಯೇ ಭದ್ರೆಯ ಉಪನದಿಯಾದ ಲಕ್ಯಾ ಹೊಳೆಗೆ ಸುಮಾರು 100 ಮೀಟರ್ ಎತ್ತರದ ಅಣೆಕಟ್ಟನ್ನು ಕಟ್ಟಿದರು. ಕಾಡಿನ ಕಣಿವೆಯೊಂದು ಕೋಟ್ಯಂತರ ಟನ್ ನುಣುಪಾದ ತ್ಯಾಜ್ಯದ ಪುಡಿಯಿಂದ ತುಂಬಿತು. ಇನ್ನೊಂದೆಡೆ, ಹುಲ್ಲಿನ ಹೊದಿಕೆಯನ್ನು ಕಳೆದುಕೊಂಡ ಬೆಟ್ಟದ ಮಣ್ಣು ಮಳೆಗಾಲದಲ್ಲಿ ಕೊಚ್ಚಿಕೊಂಡು ಭದ್ರೆಯನ್ನು ಸೇರತೊಡಗಿತು. ಮೇಲಿನ ಬೆಟ್ಟದಲ್ಲಿ ಕೆಂಪಾದ ನೀರು ಕೆಳಗಿನ ಬಯಲಿನ ರೈತನ ಚಿಂತೆಯಾಯಿತು.

ಈ ಕಾಡುಗಳಲ್ಲಿ ಸಿಂಹಬಾಲದ ಸಿಂಗಳೀಕವೆಂಬ ಅಪೂರ್ವ ಪ್ರಾಣಿ ವಾಸಿಸುತ್ತದೆ. ಪಶ್ಚಿಮಘಟ್ಟಗಳನ್ನು ಬಿಟ್ಟರೆ ಲೋಕದ ಬೇರಾವ ಕಾಡಿನಲ್ಲಿಯೂ ಅದು ಕಾಣಸಿಗದು. ಅದು ನೆಲಕ್ಕಿಳಿಯುವುದು ವಿರಳ. ಮರದಿಂದ ಮರಕ್ಕೆ ದಾಟುತ್ತಲೇ ಜೀವಿಸುತ್ತದೆ. ಕಾಡು ತುಂಡಾದರೆ ಅದರ ದಾರಿಯೇ ಕಡಿದುಹೋಗುತ್ತದೆ. ಹುಲಿ, ಕಾಟಿ, ಕಡವೆಗಳಿಗೂ ಇದು ನೆಲೆ. 1987ರಲ್ಲಿ ಸರ್ಕಾರ ಸುಮಾರು 600 ಚದರ ಕಿಲೋಮೀಟರ್ ಪ್ರದೇಶವನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸುವ ಕ್ರಮ ಕೈಗೊಂಡಿತು. ಒಂದೇ ಗಿರಿಸಾಲಿನಲ್ಲಿ ಒಂದೆಡೆ ವನ್ಯಜೀವಿಗಳ ರಕ್ಷಣೆ, ಇನ್ನೊಂದೆಡೆ ಬೆಟ್ಟವನ್ನು ಸಿಡಿಸುವ ಕೆಲಸ ನಡೆಯುವಂತಾಯಿತು. 1999ರಲ್ಲಿ ಗುತ್ತಿಗೆಯ ಅವಧಿ ಮುಗಿಯಿತು. ಅದನ್ನು ಮುಂದುವರಿಸಬೇಕೇ ಬೇಡವೇ ಎಂಬ ವಿಷಯದಲ್ಲಿ ನಾಡಿನಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ನಾಗರಹೊಳೆಯಲ್ಲಿ ಅರಣ್ಯಾಧಿಕಾರಿಯಾಗಿದ್ದ ಕೆ. ಎಂ. ಚಿಣ್ಣಪ್ಪ ಅವರು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. 2002ರ ಅಕ್ಟೋಬರ್ 30ರಂದು ನ್ಯಾಯಾಲಯ ತೀರ್ಪು ನೀಡಿ, 2005ರ ಕೊನೆಯೊಳಗೆ ಗಣಿಗಾರಿಕೆ ನಿಲ್ಲಬೇಕೆಂದು ಆಜ್ಞಾಪಿಸಿತು. ಅಂತೆಯೇ ಗಣಿ ನಿಂತಿತು. ಜನ ಒಬ್ಬೊಬ್ಬರಾಗಿ ಊರು ಬಿಟ್ಟರು. 2012ರಲ್ಲಿ ಪಶ್ಚಿಮಘಟ್ಟಗಳ 39 ತಾಣಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗ ಕುದುರೆಮುಖದ ಅರಣ್ಯವೂ ಅವುಗಳಲ್ಲಿ ಒಂದಾಯಿತು.

ಈಗ ನಮ್ಮ ಮುಂದಿರುವ ಪ್ರಶ್ನೆ ಇದು: ಗಣಿ ಮುಚ್ಚಿದ ಈ ಗಿರಿಯೂರನ್ನು ನಾವು ಏನು ಮಾಡಬೇಕು? ಇದಕ್ಕೆ ಎರಡು ಬಗೆಯ ಉತ್ತರಗಳನ್ನು ಕೇಳುತ್ತೇವೆ. ಗಣಿಯ ಕುರುಹುಗಳನ್ನೆಲ್ಲ ಅಳಿಸಿಹಾಕಬೇಕು, ಅಲ್ಲಿ ಗಣಿಯೊಂದಿತ್ತೆಂಬುದನ್ನೇ ಮರೆಯಬೇಕು ಎಂಬುದು ಒಂದು. ಖಾಲಿಬಿದ್ದ ಊರನ್ನು ದೊಡ್ಡ ವಿಹಾರಧಾಮವನ್ನಾಗಿ ಮಾಡಿ, ಸಾಧ್ಯವಾದಷ್ಟು ಹೆಚ್ಚು ಪ್ರವಾಸಿಗಳನ್ನು ಕರೆತಂದು ಹಣ ಗಳಿಸಬೇಕು ಎಂಬುದು ಇನ್ನೊಂದು. ಈ ಎರಡೂ ಸರಿಯಲ್ಲವೆಂದು ನನಗೆ ತೋರುತ್ತದೆ.

ಮೊದಲನೆಯ ಮಾತನ್ನು ವಿಚಾರಿಸೋಣ. ಪರಂಪರೆಯೆಂದರೆ ದೇವಾಲಯ, ಕೋಟೆ, ಶಾಸನಗಳು ಮಾತ್ರವೆಂದು ನಾವು ಭಾವಿಸುತ್ತೇವೆ. ದುಡಿಮೆಗೂ ಪರಂಪರೆಯುಂಟು. ನಾರ್ವೆ ದೇಶದ ಪರ್ವತಗಳ ನಡುವೆ ರೋರೊಸ್ ಎಂಬ ಚಿಕ್ಕ ಊರಿದೆ. 1644ರಲ್ಲಿ ಅಲ್ಲಿ ತಾಮ್ರದ ಗಣಿಗಾರಿಕೆ ಮೊದಲಾಗಿ 1977ರವರೆಗೆ ನಡೆಯಿತು. ಅದಿರನ್ನು ಕರಗಿಸಲು ಸುತ್ತಲಿನ ಕಾಡನ್ನು ಕಡಿದು ಬರಿದುಮಾಡಿದ್ದರು. ಗಣಿ ಮುಚ್ಚಿದ ಮೇಲೆ ಅಲ್ಲಿನ ಜನ ಅದನ್ನು ಮರೆಮಾಚಲಿಲ್ಲ. ಗಣಿಗಾರರ ಮರದ ಮನೆಗಳನ್ನೂ ಲೋಹದ ಕಿಟ್ಟದ ಕರಿಯ ರಾಶಿಗಳನ್ನೂ ಹಾಗೆಯೇ ಉಳಿಸಿಕೊಂಡರು. 1980ರಲ್ಲಿ ಆ ಊರು ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಇಂದು ಅಲ್ಲಿಗೆ ಹೋದವರು ಹಳೆಯ ಗಣಿಯೊಳಕ್ಕೆ ಇಳಿದು, ಹಿಂದಿನವರು ಹೇಗೆ ದುಡಿದರೆಂಬುದನ್ನು ಕಂಡು ಬರಬಹುದು. ನಮ್ಮ ನಾಡಿನಲ್ಲಿ ಕೋಲಾರದ ಚಿನ್ನದ ಗಣಿಗಳು ನೂರಿಪ್ಪತ್ತು ವರ್ಷ ನಡೆದು 2001ರಲ್ಲಿ ಮುಚ್ಚಿದವು. ಲೋಕದ ಅತ್ಯಂತ ಆಳವಾದ ಗಣಿಗಳ ಸಾಲಿಗೆ ಸೇರಿದ್ದ ಅವುಗಳ ಕಥೆ ನಮ್ಮ ಎಷ್ಟು ಮಂದಿ ಮಕ್ಕಳಿಗೆ ಗೊತ್ತಿದೆ?

ಕುದುರೆಮುಖದ ಕುರುಹುಗಳನ್ನು ಅಳಿಸಿದರೆ ಎರಡು ನಷ್ಟಗಳಾಗುತ್ತವೆ. ಅಲ್ಲಿ ದುಡಿದವರ ಶ್ರಮದ ನೆನಪು ಅಳಿಯುತ್ತದೆ. ಬೆಟ್ಟಕ್ಕೆ ನಾವು ತೆತ್ತಿಸಿದ ಬೆಲೆಯ ನೆನಪೂ ಅಳಿಯುತ್ತದೆ. ತಪ್ಪು ಮರೆತುಹೋದರೆ ಮತ್ತೆ ಅದೇ ತಪ್ಪು ನಡೆಯುವುದು ಸುಲಭ. ಆದುದರಿಂದ ಊರಿನ ಹಳೆಯ ಕಟ್ಟಡವೊಂದರಲ್ಲಿ ಒಳ್ಳೆಯ ವಸ್ತುಸಂಗ್ರಹಾಲಯವಿರಬೇಕು. ಅದಿರಿನ ಕಲ್ಲು, ಯಂತ್ರಗಳ ಮಾದರಿ, ಕೊಳವೆಯ ತುಂಡು, ಕಾರ್ಮಿಕರ ಭಾವಚಿತ್ರಗಳು ಅಲ್ಲಿರಬೇಕು. ಅವರ ಬಾಯಿಂದಲೇ ಕೇಳಿ ಬರೆದುಕೊಂಡ ನೆನಪುಗಳಿರಬೇಕು. ಅವುಗಳ ಪಕ್ಕದಲ್ಲಿಯೇ ಕೆಂಪಾದ ಭದ್ರೆಯ ಕಥೆಯೂ ನ್ಯಾಯಾಲಯದ ತೀರ್ಪಿನ ಸಾರಾಂಶವೂ ಇರಬೇಕು. ಹೊಗಳಿಕೆಯೂ ಬೇಡ, ಹಳಿಯುವುದೂ ಬೇಡ. ನಡೆದುದನ್ನು ನಡೆದಂತೆ ಹೇಳಿದರೆ ಸಾಕು.

ಇನ್ನು ಎರಡನೆಯ ಮಾತು. ಕುದುರೆಮುಖದ ಸುತ್ತಮುತ್ತ ನೋಡತಕ್ಕ ಸ್ಥಳಗಳು ಬೇಕಾದಷ್ಟಿವೆ. ಕಾರ್ಕಳದಿಂದ ಘಟ್ಟವೇರಿ ಬರುವ ದಾರಿಯಲ್ಲಿ ಹನುಮಾನ್ ಗುಂಡಿಯ ಜಲಪಾತವಿದೆ. ಗಂಗಾಮೂಲ ಹತ್ತಿರದಲ್ಲಿದೆ. ಸಂಸೆಯ ಚಹಾ ತೋಟಗಳು, ಕಳಸ ಮತ್ತು ಹೊರನಾಡಿನ ದೇವಾಲಯಗಳು ದೂರವೇನಲ್ಲ. ಅರಣ್ಯ ಇಲಾಖೆಯ ಅನುಮತಿ ಪಡೆದು ಶಿಖರಕ್ಕೆ ಚಾರಣ ಮಾಡಬಹುದು. ಹುಲ್ಲುಗಾವಲನ್ನು ದಾಟಿ, ಶೋಲಾ ಕಾಡಿನ ತಂಪನ್ನು ಹೊಕ್ಕು, ತೊರೆಗಳನ್ನು ಹಾಯ್ದು ನೆತ್ತಿಯನ್ನು ತಲುಪಿದಾಗ, ಮಂಜು ಸರಿದ ಕ್ಷಣದಲ್ಲಿ ಕರಾವಳಿಯವರೆಗೂ ಹಬ್ಬಿದ ಕಣಿವೆಗಳು ಕಾಣಿಸಿಕೊಳ್ಳುತ್ತವೆ. ಇಂತಹ ನೋಟ ಮನಸ್ಸನ್ನು ಹಿಗ್ಗಿಸುತ್ತದೆ, ಅಹಂಕಾರವನ್ನು ಕುಗ್ಗಿಸುತ್ತದೆ. ಎಳೆಯರು ಇದನ್ನು ಕಾಣಲೇಬೇಕು.

ಆದರೆ ಎಷ್ಟು ಜನ ಕಾಣಬೇಕು, ಹೇಗೆ ಕಾಣಬೇಕು ಎಂಬುದಕ್ಕೆ ಮಿತಿಯಿರಬೇಕು. ಒಂದೇ ಕಾಲುದಾರಿಯಲ್ಲಿ ಜನ ಎಡೆಬಿಡದೆ ನಡೆದರೆ ಹುಲ್ಲಿನ ಬೇರು ಸವೆಯುತ್ತದೆ. ಬೇರು ಹೋದ ಜಾಗದಲ್ಲಿ ಮಳೆನೀರು ಮಣ್ಣನ್ನು ಕೊರೆದು ಕೊರಕಲು ಮಾಡುತ್ತದೆ. ಆ ಮಣ್ಣು ಹೊಳೆಯನ್ನು ಸೇರುತ್ತದೆ. ಗಣಿಯ ಯಂತ್ರಗಳು ದೊಡ್ಡ ಪ್ರಮಾಣದಲ್ಲಿ ಮಾಡಿದ ಕೆಲಸವನ್ನೇ ಸಾವಿರಾರು ಪಾದಗಳು ಚಿಕ್ಕ ಪ್ರಮಾಣದಲ್ಲಿ ಮಾಡಿದಂತಾಗುತ್ತದೆ. ಬಿಸಾಡಿದ ಪ್ಲಾಸ್ಟಿಕ್ ಚೀಲವನ್ನು ಕಡವೆ ತಿನ್ನುತ್ತದೆ. ಅಜಾಗರೂಕತೆಯಿಂದ ಎಸೆದ ಒಂದು ಬೆಂಕಿಕಡ್ಡಿ ಬೇಸಗೆಯ ಒಣಹುಲ್ಲಿನ ಇಡೀ ಬೆಟ್ಟವನ್ನೇ ಸುಟ್ಟುಬಿಡಬಹುದು. ಗಣಿಗಾರಿಕೆಯ ಲಕ್ಷಣವೇನು? ಬೆಟ್ಟದಲ್ಲಿರುವ ಬೆಲೆಬಾಳುವುದನ್ನು ಕೊಂಡೊಯ್ದು, ಬೇಡವಾದುದನ್ನು ಅಲ್ಲಿಯೇ ಬಿಟ್ಟುಹೋಗುವುದು. ಸಂತೋಷವನ್ನು ಹೊತ್ತೊಯ್ದು ಕಸವನ್ನು ಬಿಟ್ಟುಹೋಗುವ ಪ್ರವಾಸವೂ ಅದೇ ಬಗೆಯದಲ್ಲವೇ? ಒಂದು ಗಣಿಯನ್ನು ಮುಚ್ಚಲು ಇಷ್ಟು ಹೋರಾಡಿದ ಮೇಲೆ, ಅದೇ ಬೆಟ್ಟಗಳಲ್ಲಿ ಇನ್ನೊಂದು ಗಣಿಯನ್ನು ನಾವೇ ತೆರೆಯಬಾರದು.

ಇಲ್ಲಿ ಒಂದು ಆಕ್ಷೇಪ ಬರುವುದು ಸಹಜ. ಗಣಿ ಮುಚ್ಚಿ ಜನ ಕೆಲಸ ಕಳೆದುಕೊಂಡರು. ಪ್ರವಾಸಿಗಳನ್ನೂ ತಡೆದರೆ ಸುತ್ತಲಿನ ಹಳ್ಳಿಗರ ಗತಿಯೇನು? ಹಸಿರು ಹೊಟ್ಟೆ ತುಂಬಿಸುತ್ತದೆಯೇ? ಈ ಪ್ರಶ್ನೆ ನ್ಯಾಯವಾದುದು. ಪೇಟೆಯಲ್ಲಿ ಕುಳಿತವರು ಇದನ್ನು ಹಗುರವಾಗಿ ತಳ್ಳಿಹಾಕಬಾರದು. ಮಲೆಕುಡಿಯರೇ ಮೊದಲಾದ ಜನ ತಲೆಮಾರುಗಳಿಂದ ಈ ಕಾಡಿನ ಆಸರೆಯಲ್ಲಿ ಬಾಳಿದ್ದಾರೆ. ಬೆಟ್ಟದ ವಿಷಯದಲ್ಲಿ ಯಾವ ತೀರ್ಮಾನ ಕೈಗೊಂಡರೂ ಅವರ ಮಾತಿಗೆ ಬೆಲೆಯಿರಬೇಕು. ಮಿತಿಯಲ್ಲಿ ನಡೆಯುವ ಪ್ರವಾಸ ಅವರಿಗೆ ಜೀವನೋಪಾಯವಾಗಬಲ್ಲದು. ದಾರಿ ತೋರಿಸುವವರು, ಊಟ ವಸತಿ ಒದಗಿಸುವವರು, ಕಾಡಿನ ಕಥೆ ಹೇಳುವವರು ಆ ಊರುಗಳವರೇ ಆಗಿರಬೇಕು. ದೊಡ್ಡ ಹೋಟೆಲುಗಳು ಕಾಡಿನೊಳಗೆ ಬಂದರೆ ಲಾಭ ಹೊರಗಿನವರಿಗೆ, ಕಸ ಊರಿನವರಿಗೆ ಎಂಬಂತಾಗುತ್ತದೆ. ಕುಳಿತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂಬ ಗಾದೆಯಿದೆ. ಅದಿರು ಅಂತಹ ಕುಡಿಕೆ ಹೊನ್ನು, ತೆಗೆದಷ್ಟೂ ಬರಿದಾಗುತ್ತದೆ. ನೀರು ಮತ್ತು ಕಾಡು ಹಾಗಲ್ಲ. ಕಾಪಾಡಿಕೊಂಡರೆ ಅವು ವರ್ಷವರ್ಷವೂ ಕೊಡುತ್ತಲೇ ಇರುತ್ತವೆ.

ಹೀಗೆಂದ ಮಾತ್ರಕ್ಕೆ ಗಣಿಗಾರಿಕೆಯೇ ಪಾಪವೆಂದು ತಿಳಿಯಬಾರದು. ರೈತನ ನೇಗಿಲು, ನಾವು ಸಂಚರಿಸುವ ಬಸ್ಸು, ಶಾಲೆಯ ಕಟ್ಟಡದೊಳಗಿನ ಸರಳು ಎಲ್ಲವೂ ಯಾವುದೋ ಬೆಟ್ಟದ ಒಡಲಿನಿಂದ ಬಂದವುಗಳೇ. ಕಬ್ಬಿಣ ಬೇಡವೆನ್ನುವಂತಿಲ್ಲ. ಎಲ್ಲಿ ಅಗೆಯಬೇಕು, ಎಲ್ಲಿ ಅಗೆಯಬಾರದು, ಎಷ್ಟು ಅಗೆದರೆ ಸಾಕು ಎಂಬ ವಿವೇಕ ಬೇಕು. ಮೂರು ನದಿಗಳು ಹುಟ್ಟುವ ಕಡೆ, ಲೋಕದಲ್ಲಿ ಬೇರೆಲ್ಲೂ ಇಲ್ಲದ ಜೀವಿಗಳು ಬಾಳುವ ಕಡೆ ಅಗೆಯಬಾರದೆಂಬ ವಿವೇಕ ನಮಗೆ ತಡವಾಗಿಯಾದರೂ ಬಂದಿತು. ಆ ವಿವೇಕವನ್ನು ಉಳಿಸಿಕೊಳ್ಳುವ ಹೊಣೆ ಮುಂದಿನ ತಲೆಮಾರಿನದು.

ಇಂದಿನ ವಿದ್ಯಾರ್ಥಿಗಳು ನಾಳೆ ಕುದುರೆಮುಖಕ್ಕೆ ಹೋಗಬಹುದು. ಹೋದಾಗ ಜಲಪಾತದ ಬಳಿ ನಿಂತು ಸಂತೋಷಪಡಲಿ, ಗಿರಿಯನ್ನೇರಿ ಹಿಗ್ಗಲಿ. ಒಂದು ಗಳಿಗೆ ಲಕ್ಯಾ ಕಣಿವೆಯ ಕಡೆಗೂ ದೃಷ್ಟಿ ಹರಿಸಲಿ. ಅಲ್ಲಿ ತುಂಬಿರುವ ಹೂಳು ಒಂದು ಕಾಲದಲ್ಲಿ ಬೆಟ್ಟದ ಮೈಯಾಗಿತ್ತೆಂಬುದನ್ನು ನೆನೆಯಲಿ. ಖಾಲಿಯಾದ ಮನೆಗಳನ್ನು ಕಂಡಾಗ ಅಲ್ಲಿ ಬಾಳಿದವರನ್ನು ಗೌರವದಿಂದ ಸ್ಮರಿಸಲಿ. ತಾವು ತಂದುದನ್ನೆಲ್ಲ ತಾವೇ ಹಿಂದಕ್ಕೆ ಕೊಂಡೊಯ್ಯಲಿ. ಅಗೆದ ಬೆಟ್ಟದ ಮೇಲೆ ಮತ್ತೆ ಹುಲ್ಲು ಚಿಗುರಲು ಬಹಳ ಕಾಲ ಬೇಕು. ಆ ಹುಲ್ಲಿನ ಮೇಲೆ ಹೆಜ್ಜೆಯಿಡುವಾಗ ಎಚ್ಚರವಿರಲಿ.